ಬೈ ನೌ, ಪೇ ಲೇಟರ್: ಚೆಕ್‌ಔಟ್‌ನಲ್ಲಿ ಹಾಕೋ ಒಂದು ಟಿಕ್ ನಿಮ್ಮ ಸಿಬಿಲ್‌ವರೆಗೂ ಹೋಗುತ್ತೆ

ಆಡಿಯೋ ಕೇಳೋಕೆ ಆಗದವರಿಗಾಗಿ, ಕೇಳಿದ ಮೇಲೆ ಇನ್ನೊಮ್ಮೆ ನೋಡಬೇಕು ಅನ್ನೋರಿಗಾಗಿ ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಇವತ್ತಿನ ವಿಷಯ ನಿಮ್ಮ ಫೋನ್‌ನಲ್ಲೇ ಇದೆ. ಆನ್‌ಲೈನ್‌ನಲ್ಲಿ ಏನಾದ್ರೂ ತಗೊಂಡು ಪೇಮೆಂಟ್ ಪೇಜ್‌ಗೆ ಬನ್ನಿ. ಯುಪಿಐ, ಕಾರ್ಡ್, ಕ್ಯಾಶ್ ಆನ್ ಡೆಲಿವರಿ, ಇವುಗಳ ಜೊತೆಗೇ ಇನ್ನೊಂದು ಸಾಲು ಇರುತ್ತೆ: ಪೇ ಲೇಟರ್. ಈಗ ತಗೊಳ್ಳಿ, ಆಮೇಲೆ ಕೊಡಿ. ಒಂದೇ ಟ್ಯಾಪ್, ಓಟಿಪಿ ಕೂಡ ಕೆಲವು ಸಲ ಬೇಕಾಗಲ್ಲ. ಆರ್ಡರ್ ಆಗೇ ಹೋಗುತ್ತೆ.

ಇದು ಒಳ್ಳೇದಾ, ಕೆಟ್ಟದ್ದಾ? ಬಳಸೋರು ಹೇಗೆ ಬಳಸಬೇಕು? ಒಂದೊಂದಾಗಿ ನೋಡೋಣ.

ಇದು ಪೇಮೆಂಟ್ ಅಲ್ಲ, ಸಾಲ

ನಮ್ಮೂರ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತೆ. "ಬರ್ಕೊಳ್ಳಿ ಅಣ್ಣ, ಸಂಬಳ ಆದ್ಮೇಲೆ ಕೊಡ್ತೀನಿ" ಅಂದ್ರೆ ಅವರು ಬರ್ಕೊಳ್ತಾರೆ. ಒಂದು ವಾರ ತಡ ಆದ್ರೆ ಮುಖ ಸ್ವಲ್ಪ ಗಂಟು ಹಾಕ್ಕೊಳ್ತಾರೆ, ಅಷ್ಟೇ. ಆ ಪುಸ್ತಕ ಅಂಗಡಿ ಬಿಟ್ಟು ಆಚೆ ಹೋಗಲ್ಲ. ಬ್ಯಾಂಕಿನವರು ನಿಮಗೆ ಬೈಕ್ ಲೋನ್ ಕೊಡೋ ಮುಂಚೆ ಕಿರಾಣಿ ಅಂಗಡಿಗೆ ಹೋಗಿ ಪುಸ್ತಕ ತೆಗೆದು ನೋಡಲ್ಲ.

ಪೇ ಲೇಟರ್ ಕೂಡ ಉದ್ರಿನೇ. ಆದರೆ ಈ ಪುಸ್ತಕ ಅಂಗಡಿಯಲ್ಲಿ ಉಳಿಯಲ್ಲ. ಇಡೀ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನೇ ಇಟ್ಕೊಳ್ಳಿ.

ಹೇಗೆ ಅಂದ್ರೆ, ನೀವು ಪೇ ಲೇಟರ್ ಒತ್ತಿದಾಗ ಅಂಗಡಿ ನಿಮಗೆ ಸಾಲ ಕೊಡ್ತಿಲ್ಲ. ಅಂಗಡಿಗೆ ಅದರ ದುಡ್ಡು ಸಿಗುತ್ತೆ. ಸಾಲ ಕೊಡೋದು ಹಿಂದೆ ಇರೋ ಒಂದು ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ, ಅಂದ್ರೆ ಬ್ಯಾಂಕ್ ಅಲ್ಲದ ಹಣಕಾಸು ಸಂಸ್ಥೆ. ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣೋದು ಆ್ಯಪ್ ಹೆಸರು. ಸಾಲ ಕೊಟ್ಟವರ ಹೆಸರು ಕೆಳಗೆ ಸಣ್ಣ ಅಕ್ಷರದಲ್ಲಿ. ಆ ಸಣ್ಣ ಅಕ್ಷರವೇ ನಿಜವಾದ ಸಾಲಗಾರ–ಸಾಲಿಗ ಸಂಬಂಧ.

ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಗಳಿಗೆ ನಿಯಮ ತಂದಿತು. 2025ರ ಮೇ ತಿಂಗಳಲ್ಲಿ ಅದನ್ನೆಲ್ಲ ಒಟ್ಟುಗೂಡಿಸಿ ಹೊಸ ನಿರ್ದೇಶನ ಹೊರಡಿಸಿತು. ಆ್ಯಪ್ ಮೂಲಕ ಕೊಡೋ ಸಾಲ ಎಷ್ಟೇ ಚಿಕ್ಕದಿರಲಿ, ಎಷ್ಟೇ ಕಡಿಮೆ ದಿನದ್ದಿರಲಿ, ಅದರ ಮಾಹಿತಿ ಕ್ರೆಡಿಟ್ ಬ್ಯೂರೋಗಳಿಗೆ ಹೋಗಬೇಕು ಅನ್ನೋದು ಇದರಲ್ಲಿ ಮುಖ್ಯವಾದದ್ದು. ನಮ್ಮ ದೇಶದಲ್ಲಿ ಇಂಥ ಬ್ಯೂರೋಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸಾಲ ಕೊಟ್ಟವರು ಇವರಿಗೆ ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕೊಡಬೇಕು ಅನ್ನೋ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಮೊದಲು ತಿಂಗಳಿಗೊಮ್ಮೆ ಇತ್ತು.

ಅಂದ್ರೆ ನಿಮ್ಮಲ್ಲಿ ಎಷ್ಟೋ ಜನರ ಜೀವನದ ಮೊಟ್ಟಮೊದಲ ಸಾಲದ ದಾಖಲೆ ಮನೆದೂ ಅಲ್ಲ, ಓದಿಂದೂ ಅಲ್ಲ. 700 ರೂಪಾಯಿ ಟೀ ಶರ್ಟ್‌ದು.

ಮೂರು ಬಗೆ ಇದೆ, ಗೊಂದಲ ಬೇಡ

ಚೆಕ್‌ಔಟ್‌ನಲ್ಲಿ ಕಾಣೋದು ಸಾಮಾನ್ಯವಾಗಿ ಮೂರು ಥರ.

ಮೊದಲನೇದು, ತಿಂಗಳ ಬಿಲ್. ಈ ತಿಂಗಳು ಏನೇನು ತಗೊಂಡ್ರೋ ಎಲ್ಲ ಸೇರಿಸಿ ಮುಂದಿನ ತಿಂಗಳು ಒಂದು ತಾರೀಖಿಗೆ ಕಟ್ಟೋದು. ಸಮಯಕ್ಕೆ ಕಟ್ಟಿದ್ರೆ ಹೆಚ್ಚಾಗಿ ಬಡ್ಡಿ ಇರಲ್ಲ.

ಎರಡನೇದು, ಮೂರು ಕಂತು. ಬೆಲೆಯನ್ನ ಮೂರು ಭಾಗ ಮಾಡಿ ಕಟ್ಟೋದು.

ಮೂರನೇದು, ಇಎಂಐ. ಮೂರು, ಆರು, ಒಂಬತ್ತು, ಹನ್ನೆರಡು ತಿಂಗಳು. ಇದರಲ್ಲಿ ಬಡ್ಡಿ ಇರೋದು ಒಂದು, "ನೋ ಕಾಸ್ಟ್" ಅಂತ ಬರೆದಿರೋದು ಇನ್ನೊಂದು.

"ನೋ ಕಾಸ್ಟ್" ಅನ್ನೋದರ ಬಗ್ಗೆ ಸ್ವಲ್ಪ ನಿಲ್ಲೋಣ. ಬಡ್ಡಿ ಇಲ್ಲದ ಸಾಲ ಯಾರೂ ಸುಮ್ಮನೆ ಕೊಡಲ್ಲ. ಶೂನ್ಯ ಬಡ್ಡಿ ಅನ್ನೋ ಸ್ಕೀಮ್‌ಗಳಲ್ಲಿ ಬಡ್ಡಿಯನ್ನ ಪ್ರೊಸೆಸಿಂಗ್ ಫೀ ರೂಪದಲ್ಲಿ ಮರೆಮಾಚಿ ವಸೂಲಿ ಮಾಡ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಹೆಚ್ಚಿನ ಕಡೆ ಬಡ್ಡಿಯಷ್ಟನ್ನ ಅಂಗಡಿ ಅಥವಾ ಕಂಪನಿ ಡಿಸ್ಕೌಂಟ್ ಆಗಿ ಹಾಕಿ ಸರಿದೂಗಿಸುತ್ತೆ. ಆಗಲೂ ಪ್ರೊಸೆಸಿಂಗ್ ಫೀ, ಅದರ ಮೇಲೆ ಶೇ. 18 ಜಿಎಸ್‌ಟಿ ಉಳಿಯಬಹುದು.

ಒಂದು ಲೆಕ್ಕ ಹಾಕೋಣ. 12,000 ರೂಪಾಯಿ ಫೋನ್, ಮೂರು ಕಂತು, ಒಂದೊಂದು 4,000. ಪ್ರೊಸೆಸಿಂಗ್ ಫೀ 199 ಅಂತಿಟ್ಕೊಳ್ಳಿ. ಜಿಎಸ್‌ಟಿ ಸೇರಿ ಸುಮಾರು 235. "ಬರೀ 235 ತಾನೇ" ಅನ್ಸುತ್ತೆ. ಆದರೆ ನೀವು 12,000ವನ್ನ ಪೂರ್ತಿ ಮೂರು ತಿಂಗಳು ಇಟ್ಕೊಂಡಿಲ್ಲ. ಪ್ರತಿ ತಿಂಗಳೂ 4,000 ವಾಪಸ್ ಕೊಡ್ತಾ ಬಂದಿದ್ದೀರಿ. ಹಾಗೆ ನೋಡಿದ್ರೆ ಈ 235 ಅನ್ನೋದು ವರ್ಷಕ್ಕೆ ಸುಮಾರು ಶೇ. 12ರ ಬಡ್ಡಿಗೆ ಸಮ.

ಈಗ ಅದೇ ಫೋನ್‌ಗೆ ಯುಪಿಐನಲ್ಲಿ ಪೂರ್ತಿ ಕಟ್ಟಿದ್ರೆ 500 ರೂಪಾಯಿ ಕಡಿಮೆ ಅನ್ನೋ ಆಫರ್ ಇತ್ತು ಅಂತಿಟ್ಕೊಳ್ಳಿ. ಇಎಂಐ ತಗೊಂಡು ಆ 500 ಬಿಟ್ರಿ. ಈಗ ನಿಮ್ಮ ನಿಜವಾದ ಖರ್ಚು 735. ವರ್ಷದ ಲೆಕ್ಕದಲ್ಲಿ ಶೇ. 35ಕ್ಕೂ ಹೆಚ್ಚು. ಹೆಸರು ಮಾತ್ರ "ನೋ ಕಾಸ್ಟ್".

ಆದ್ದರಿಂದ ಕಂತು ಎಷ್ಟು ಅಂತ ಮಾತ್ರ ನೋಡಬೇಡಿ. ಇವತ್ತೇ ಪೂರ್ತಿ ಕಟ್ಟಿದ್ರೆ ಎಷ್ಟು, ಕಂತಲ್ಲಿ ಕಟ್ಟಿದ್ರೆ ಕೊನೆಗೆ ಒಟ್ಟು ಎಷ್ಟು, ಈ ಎರಡನ್ನ ಪಕ್ಕ ಪಕ್ಕ ಇಟ್ಟು ನೋಡಿ.

ಒತ್ತೋ ಮೊದಲು ಒಂದು ಪೇಜ್ ಓದಿ

ಲಿಮಿಟ್ ತೆರೆಯುವಾಗ ಅಥವಾ ಇಎಂಐ ಆಯ್ಕೆ ಮಾಡುವಾಗ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನೋ ಒಂದು ಹಾಳೆ ಬರುತ್ತೆ. ನಾವೆಲ್ಲ "ಐ ಅಗ್ರೀ" ಒತ್ತಿ ಮುಂದೆ ಹೋಗೋದು ಇದನ್ನೇ. ಅದರಲ್ಲಿ ನಾಲ್ಕು ವಿಷಯ ಹುಡುಕಿ.

ಒಂದು, ಎಪಿಆರ್. ಬಡ್ಡಿ, ಫೀ ಎಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಅನ್ನೋ ಒಂದೇ ಸಂಖ್ಯೆ.

ಎರಡು, ಸಾಲ ಕೊಡ್ತಿರೋದು ಯಾರು.

ಮೂರು, ತಡ ಆದ್ರೆ ದಂಡ ಎಷ್ಟು. ದಂಡವನ್ನ ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕೋ ಹಾಗಿಲ್ಲ, ಇದು 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ಜಾರಿಗೆ ಬಂದ ನಿಯಮ. ಆದರೂ ಸಣ್ಣ ಮೊತ್ತಕ್ಕೆ ದಂಡ ಭಾರಿಯೇ. 350 ರೂಪಾಯಿ ಊಟದ ಬಿಲ್‌ಗೆ 100 ರೂಪಾಯಿ ದಂಡ ಬಿದ್ರೆ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಆಯ್ತು.

ನಾಲ್ಕು, ಕೂಲಿಂಗ್ ಆಫ್ ಅವಧಿ. ಸಾಲ ತಗೊಂಡ ಮೇಲೆ ಬೇಡ ಅನ್ಸಿದ್ರೆ ಕನಿಷ್ಠ ಒಂದು ದಿನದ ಒಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ದಂಡ ಇಲ್ಲದೆ ಹೊರಗೆ ಬರಬಹುದು. ಮೊದಲೇ ತಿಳಿಸಿದ್ದ ಪ್ರೊಸೆಸಿಂಗ್ ಫೀ ಮಾತ್ರ ಅವರು ಇಟ್ಕೊಳ್ಳಬಹುದು.

ಈ ಹಾಳೆಯಲ್ಲಿ ಇಲ್ಲದ ಶುಲ್ಕವನ್ನ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ನಿಮ್ಮ ಲಿಮಿಟ್ಟನ್ನ 5,000ದಿಂದ 20,000ಕ್ಕೆ ತಾವಾಗೇ ಏರಿಸುವಂತೆಯೂ ಇಲ್ಲ, ನೀವು ಒಪ್ಪಬೇಕು. "ಅಭಿನಂದನೆಗಳು, ನಿಮ್ಮ ಲಿಮಿಟ್ ಹೆಚ್ಚಿಸಿಕೊಳ್ಳಿ" ಅಂತ ನೋಟಿಫಿಕೇಷನ್ ಬಂದ್ರೆ ಸುಮ್ಮನೆ ಬಿಡೋದೂ ಒಂದು ಉತ್ತರವೇ.

ಇನ್ನೊಂದು, ಪೇಮೆಂಟ್ ಪೇಜ್‌ನಲ್ಲಿ ಮೊದಲೇ ಯಾವುದಕ್ಕೆ ಟಿಕ್ ಬಿದ್ದಿದೆ ನೋಡಿ. ಗ್ರಾಹಕರನ್ನ ದಾರಿ ತಪ್ಪಿಸೋ ಡಿಸೈನ್‌ಗಳಿಗೆ ಡಾರ್ಕ್ ಪ್ಯಾಟರ್ನ್ ಅಂತಾರೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಗಳನ್ನ ಪಟ್ಟಿ ಮಾಡಿ ನಿಷೇಧಿಸಿದೆ. ಆದರೂ ಕೊನೇ ಬಟನ್ ಒತ್ತೋದು ನಿಮ್ಮ ಬೆರಳೇ.

ಕೈ ಕಚ್ಚೋದು ಬಡ್ಡಿಗಿಂತ ತಾರೀಖು

ಪೇ ಲೇಟರ್‌ನಲ್ಲಿ ಸಿಕ್ಕಿಹಾಕಿಕೊಳ್ಳೋರು ದೊಡ್ಡ ಮೊತ್ತ ತಗೊಂಡೋರೇ ಆಗಬೇಕಿಲ್ಲ. ಸಣ್ಣ ಸಣ್ಣದು ಹಲವು ಕಡೆ ಇರೋರೂ ಸಿಕ್ಕಿಹಾಕಿಕೊಳ್ತಾರೆ.

ಬೆಂಗಳೂರಿನಲ್ಲಿ ಪಿಜಿಯಲ್ಲಿರೋ ಒಬ್ಬರ ತಿಂಗಳನ್ನ ಊಹಿಸಿಕೊಳ್ಳಿ. ಕೈಗೆ ಬರೋ ಸಂಬಳ 22,000. ಪಿಜಿಗೆ 8,500. ಉಳಿದದ್ದು 13,500. ಒಂದು ಆ್ಯಪ್‌ನಲ್ಲಿ ಫೋನ್ ಕಂತು 4,000. ಇನ್ನೊಂದರಲ್ಲಿ ಶೂ ಕಂತು 800. ಮತ್ತೊಂದರಲ್ಲಿ ಊಟ, ದಿನಸಿ ಬಿಲ್ 1,900. ಹಬ್ಬಕ್ಕೆ ಊರಿಗೆ ಹೋದ ಬಸ್ ಟಿಕೆಟ್ 1,300. ಒಟ್ಟು 8,000. ಇಡೀ ತಿಂಗಳಿಗೆ ಕೈಯಲ್ಲಿ ಉಳಿದದ್ದು 5,500. ಇವುಗಳಲ್ಲಿ ಯಾವುದೂ ಚೆಕ್‌ಔಟ್‌ನಲ್ಲಿ ದೊಡ್ಡದಾಗಿ ಕಂಡಿರಲಿಲ್ಲ. ಯಾಕಂದ್ರೆ ಒಂದು ಆ್ಯಪ್ ಇನ್ನೊಂದು ಆ್ಯಪ್‌ನ ಬಾಕಿ ತೋರಿಸಲ್ಲ. ಕೂಡಿಸೋ ಕೆಲಸ ನಿಮ್ಮದೇ.

ಇದರ ಮೇಲೆ ತಾರೀಖಿನ ತಾಪತ್ರಯ. ಸಂಬಳ 7ಕ್ಕೆ ಬರುತ್ತೆ, ಡ್ಯೂ ಡೇಟ್ 5. ಆಟೋಪೇ ಹಾಕಿದ್ದೀರಿ, ಖಾತೆಯಲ್ಲಿ ದುಡ್ಡಿಲ್ಲ, ಬೌನ್ಸ್ ಆಯ್ತು. ಸಾಲ ಕೊಟ್ಟವರ ದಂಡ ಒಂದು, ನಿಮ್ಮ ಬ್ಯಾಂಕ್ ಹಾಕೋ ಬೌನ್ಸ್ ಚಾರ್ಜ್ ಇನ್ನೊಂದು.

ಕ್ರೆಡಿಟ್ ರಿಪೋರ್ಟ್‌ನಲ್ಲಿ ಎಷ್ಟು ದಿನ ತಡ ಆಯ್ತು ಅಂತ ತಿಂಗಳು ತಿಂಗಳಿಗೆ ದಾಖಲಾಗುತ್ತೆ. ಸಿಬಿಲ್ ರಿಪೋರ್ಟ್‌ನಲ್ಲಿ ಹೀಗೆ 36 ತಿಂಗಳವರೆಗಿನ ಇತಿಹಾಸ ಕಾಣುತ್ತೆ. 800 ರೂಪಾಯಿ ಶೂ ಕಂತು ತಪ್ಪಿದ್ದು ಕೂಡ ಅಲ್ಲಿ "ತಡ" ಅಂತಲೇ ಕಾಣೋದು. ನಾಳೆ ತಂಗಿ ಓದಿಗೆ ಲೋನ್‌ಗೆ ಸಹಿ ಹಾಕೋಕೆ ಹೋದಾಗ, ಅಪ್ಪನ ಜೊತೆ ಮನೆ ಸಾಲಕ್ಕೆ ಅರ್ಜಿ ಹಾಕೋಕೆ ಹೋದಾಗ ಎದುರು ಬರೋದು ಅದು.

ಹಾಗಾದ್ರೆ ಏನು ಮಾಡಬೇಕು?

ಒಂದೇ ಪೇ ಲೇಟರ್ ಇಟ್ಕೊಳ್ಳಿ. ಆಗ ಬಾಕಿ ಒಂದೇ ಕಡೆ ಕಾಣುತ್ತೆ, ತಾರೀಖೂ ಒಂದೇ.

ಡ್ಯೂ ಡೇಟ್ ಸಂಬಳ ಬಂದ ಮೇಲೆ ಬರೋ ಹಾಗೆ ಬದಲಿಸಲು ಅವಕಾಶ ಇದೆಯಾ ಕೇಳಿ. ಇಲ್ಲದಿದ್ರೆ ಹಿಂದಿನ ಸಂಬಳದಲ್ಲೇ ಆ ಮೊತ್ತ ಎತ್ತಿಡಿ. ಆಟೋಪೇ ಇದ್ರೂ ಮೂರು ದಿನ ಮುಂಚೆ ಫೋನ್‌ನಲ್ಲಿ ಒಂದು ರಿಮೈಂಡರ್ ಇರಲಿ.

ತಿಂದು ಮುಗಿಯೋದಕ್ಕೆ, ಓಡಾಡಿ ಮುಗಿಯೋದಕ್ಕೆ ಕಂತು ಬೇಡ. ಬಿರಿಯಾನಿ ಹೊಟ್ಟೆಯಲ್ಲಿ ಒಂದು ದಿನ, ಬಾಕಿ ತಲೆಯಲ್ಲಿ ಒಂದು ತಿಂಗಳು.

ಐಟಂ ರಿಟರ್ನ್ ಮಾಡಿದ್ರೆ ಕಂತು ತಾನಾಗೇ ನಿಂತಿತು ಅಂದ್ಕೋಬೇಡಿ. ಅಂಗಡಿ ರಿಫಂಡ್ ಕಳಿಸಿ, ಅದು ಸಾಲದ ಖಾತೆಗೆ ಸೇರೋಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಡ್ಯೂ ಡೇಟ್ ಬಂದ್ರೆ ಕಟ್ಟಿಬಿಡಿ. ಆಮೇಲೆ ಹೆಚ್ಚುವರಿ ದುಡ್ಡನ್ನ ವಾಪಸ್ ಕೇಳಿ. ರಿಟರ್ನ್ ಆದ ಮೆಸೇಜ್, ರಿಫಂಡ್ ಸ್ಕ್ರೀನ್‌ಶಾಟ್ ಎರಡೂ ಇಟ್ಕೊಳ್ಳಿ.

ಸಾಕು ಅನ್ಸಿದ್ರೆ ಆ್ಯಪ್ ಡಿಲೀಟ್ ಮಾಡಿದ್ರೆ ಆಗಲ್ಲ. ಬಾಕಿ ಪೂರ್ತಿ ಕಟ್ಟಿ, ಖಾತೆ ಮುಚ್ಚಿ ಅಂತ ಕೇಳಿ, ಬಾಕಿ ಇಲ್ಲ ಅನ್ನೋ ಪತ್ರ ತಗೊಂಡು, ಆಮೇಲೆ ಯುಪಿಐನಲ್ಲಿ ಆಟೋಪೇ ರದ್ದು ಮಾಡಿ. ಆ್ಯಪ್ ಕಂಪನಿಯೇ ಮುಚ್ಚಿದ್ರೂ ಸಾಲ ಹೋಗಲ್ಲ. ಬೆಂಗಳೂರಿನ ಜೆಸ್ಟ್‌ಮನಿ ಈ ಕ್ಷೇತ್ರದ ದೊಡ್ಡ ಹೆಸರಾಗಿತ್ತು, 2023ರ ಕೊನೆಯಲ್ಲಿ ಮುಚ್ಚೋ ನಿರ್ಧಾರ ಪ್ರಕಟಿಸಿತು. ಇಂಥ ಸಂದರ್ಭದಲ್ಲಿ ಆ್ಯಪ್ ಇರಲಿ ಬಿಡಲಿ, ಸಾಲ ಇರೋದು ಹಿಂದಿನ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಹೆಸರಲ್ಲಿ. ಸಣ್ಣ ಅಕ್ಷರ ಓದಿ ಅಂದಿದ್ದು ಇದಕ್ಕೇ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ರೆ?

ಮೊದಲು ಹೊಸ ಆರ್ಡರ್‌ಗೆ ಪೇ ಲೇಟರ್ ನಿಲ್ಲಿಸಿ. ಒಂದು ಹಾಳೆಯಲ್ಲಿ ಯಾರಿಗೆ, ಎಷ್ಟು, ಯಾವ ತಾರೀಖು ಬರೀರಿ. ಒಂದರ ಬಾಕಿ ತೀರಿಸೋಕೆ ಇನ್ನೊಂದು ಆ್ಯಪ್‌ನಲ್ಲಿ ಸಾಲ ತಗೋಬೇಡಿ. ಕಟ್ಟೋಕೆ ಆಗಲ್ಲ ಅನ್ನೋದು ಗೊತ್ತಿದ್ರೆ ಡ್ಯೂ ಡೇಟ್‌ಗೆ ಮುಂಚೆಯೇ ಸಾಲ ಕೊಟ್ಟವರಿಗೆ ಬರೆದು ತಿಳಿಸಿ. ಮನೆಯಲ್ಲಿ ಒಬ್ಬರಿಗಾದ್ರೂ ಹೇಳಿ, ಅಕ್ಕನೋ ಚಿಕ್ಕಪ್ಪನೋ. ನಾಚಿಕೆಯಿಂದ ಮುಚ್ಚಿಟ್ಟಷ್ಟು ದಿನ ದಂಡ ಬೆಳೆಯುತ್ತೆ.

ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೈಯೋದು, ಹೆದರಿಸೋದು, ನಿಮ್ಮ ಸ್ನೇಹಿತರಿಗೆ ಫೋನ್ ಮಾಡಿ ಮಾನ ಕಳೆಯೋದು ನಿಯಮಕ್ಕೆ ವಿರುದ್ಧ. ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್, ಗ್ಯಾಲರಿ ನೋಡುವಂತೆಯೂ ಇಲ್ಲ. ಪರ್ಮಿಷನ್ ಕೇಳಿದ್ರೆ ಅಲ್ಲೇ ಅನುಮಾನ ಪಡಿ.

ತೊಂದರೆ ಆದ್ರೆ ಮೊದಲು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರಲಿಲ್ಲ ಅಥವಾ ಉತ್ತರ ಸರಿ ಇಲ್ಲ ಅಂದ್ರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಇದಕ್ಕೆ ಫೀ ಇಲ್ಲ. ಮಾಹಿತಿಗೆ 14448 ಸಂಖ್ಯೆ.

ಕೊನೆಯದಾಗಿ ಒಂದು ಹೋಂವರ್ಕ್. ಪ್ರತಿ ಬ್ಯೂರೋ ವರ್ಷಕ್ಕೊಂದು ಪೂರ್ತಿ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಕೊಡಬೇಕು. ಈ ವಾರ ಒಂದನ್ನ ತೆಗೆದು ನೋಡಿ. ನೀವು ಮರೆತೇಬಿಟ್ಟಿದ್ದ ಪೇ ಲೇಟರ್ ಖಾತೆ ಇನ್ನೂ ತೆರೆದೇ ಇದೆಯಾ? ಕಟ್ಟಿದ್ದು ಬಾಕಿ ಅಂತ ತೋರಿಸ್ತಿದೆಯಾ? ತಪ್ಪಿದ್ರೆ ಅಲ್ಲೇ ದೂರು ಹಾಕಿ. 30 ದಿನದಲ್ಲಿ ಸರಿಮಾಡದಿದ್ರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು ಅನ್ನೋ ನಿಯಮವೂ ಇದೆ.

ಪೇ ಲೇಟರ್ ಬಳಸಲೇಬಾರದು ಅಂತ ನಾವು ಹೇಳ್ತಿಲ್ಲ. ಸಮಯಕ್ಕೆ ಕಟ್ಟಿದ್ರೆ ಅದೇ ನಿಮ್ಮ ಹೆಸರಿಗೆ ಒಳ್ಳೇ ದಾಖಲೆ ಆಗುತ್ತೆ. ಬಟನ್ ಮೇಲೆ "ಪೇ ಲೇಟರ್" ಅಂತ ಬರೆದಿದ್ದನ್ನ ಮನಸ್ಸಲ್ಲಿ "ಸಾಲ" ಅಂತ ಓದ್ಕೊಳ್ಳಿ. ಹಾಗೆ ಓದಿದ ಮೇಲೂ ಆ ವಸ್ತು ಬೇಕು ಅನ್ಸಿದ್ರೆ, ತಾರೀಖು ಬರ್ಕೊಂಡು ಒತ್ತಿ.

ಈ ಸಂಚಿಕೆಯನ್ನ ನಿಮ್ಮ ರೂಮ್‌ಮೇಟ್‌ಗೂ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.