ನೀರೊಳಗಿನ ಹೂವು

ಸಮಾರಂಭಗಳಲ್ಲಿ ಮೇಜಿನ ನಡುವೆ, ನೀರು ತುಂಬಿದ ಗಾಜಿನ ಪಾತ್ರೆಯೊಳಗೆ ಆರ್ಕಿಡ್ ಹೂವನ್ನು ಮುಳುಗಿಸಿ ಇರಿಸುವುದುಂಟು. ಇದು ನಮ್ಮ ಮಲೆನಾಡಿನ ಸೀತಾಳೆದಂಡೆಯ ಬಳಗದ ಹೂವು. ಇದರ ದಪ್ಪನೆಯ, ಮೇಣದಂತಹ ಎಸಳುಗಳು ನೀರಿನಲ್ಲಿ ಬೇಗನೆ ಕೊಳೆಯವು. ಆದರೆ ಹೂವು ತೇಲುವ ಸ್ವಭಾವದ್ದು. ಆದುದರಿಂದ ಅದರ ತೊಟ್ಟನ್ನು ಸಣ್ಣ ಕಲ್ಲಿಗೆ ಕಟ್ಟಿ ತಳದಲ್ಲಿ ನಿಲ್ಲಿಸುವರು. ಕುದಿಸಿ ಆರಿಸಿದ ನೀರಿನಲ್ಲಿ ಕರಗಿದ ಗಾಳಿ ಕಡಿಮೆ. ಎಸಳಿಗಂಟುವ ಗುಳ್ಳೆಗಳೂ ಕಡಿಮೆ. ದುಂಡು ಪಾತ್ರೆಯ ನೀರು ಮಸೂರದಂತೆ ಹೂವನ್ನು ಹಿಗ್ಗಿಸಿ ತೋರಿಸುತ್ತದೆ.

ಸಾಗಣೆಯೇ ಇದರಲ್ಲಿ ಕಠಿಣವಾದ ಕೆಲಸ. 5 ಲೀಟರ್ ನೀರಿನ ತೂಕವೇ 5 ಕಿಲೋಗ್ರಾಂ. ವಾಹನ ಕುಲುಕಿದರೆ ನೀರು ತುಳುಕಿ ಎಸಳು ಹರಿದೀತು. ಬಲ್ಲವರು ಹೂವನ್ನೂ ಪಾತ್ರೆಯನ್ನೂ ಬೇರೆಬೇರೆಯಾಗಿ ಒಯ್ದು, ಸ್ಥಳದಲ್ಲಿಯೇ ಅಂಚಿನಿಂದ ಮೆಲ್ಲಗೆ ನೀರೆರೆಯುವರು.

ಇಷ್ಟು ಶ್ರಮಪಟ್ಟರೂ ಈ ಚೆಲುವು ಕೆಲವೇ ದಿನಗಳದ್ದು. ಅದಕ್ಕೆ ತೋಟದಲ್ಲಿ ಬೆಳೆಸಿದ ಹೂವೇ ಸಾಕು. ಕಾಡಿನ ಕೊಂಬೆಯಲ್ಲಿ ವರುಷ ವರುಷವೂ ಅರಳುವ ಸೀತಾಳೆಗೆ ಕೈ ಹಾಕಬಾರದು.