ಅಳೆದು ನೋಡಿ, ಆಮೇಲೆ ಬದಲಾಯಿಸಿ

ನಮ್ಮ ಸಂಘದ ಅಕ್ಕ ಒಬ್ಬರು ಬಾಡಿಗೆ ಕಾರು ಓಡಿಸುತ್ತಾರೆ. ಅದು ಹಳೆಯ ಪೆಟ್ರೋಲ್ ಕಾರು. ಅದರಿಂದಲೇ ಅವರ ಸಂಸಾರ ನಡೆಯಬೇಕು.

ಒಂದು ದಿನ ಕಾರು ಹಟ ಹಿಡಿಯಿತು. ನಿಂತಲ್ಲೇ ಎಂಜಿನ್ ಆಫ್ ಆಗುತ್ತಿತ್ತು. ಎಕ್ಸಿಲೇಟರ್ ತುಳಿದರೆ ಜಗ್ಗಿ ಜಗ್ಗಿ ಹೋಗುತ್ತಿತ್ತು. ಗ್ಯಾರೇಜಿಗೆ ಬಿಟ್ಟರು.

"ಸೆನ್ಸರ್ ಹೋಗಿದೆ ಅಕ್ಕಾ. ಹೊಸದು ಹಾಕ್ಬೇಕು" ಅಂದರು. ಅಕ್ಕ ಸಾಲ ಮಾಡಿ ಹಾಕಿಸಿದರು. ಕಾರು ಮಾತ್ರ ಹಾಗೇ ಇತ್ತು! ಇನ್ನೊಬ್ಬ ಮೆಕ್ಯಾನಿಕ್ ಬಂದು ನೋಡಿದರು. ಸೆನ್ಸರಿಗೆ ಹೋಗುವ ಒಂದು ವೈರು ಸಡಿಲವಾಗಿತ್ತು. ಅಷ್ಟೇ.

ಯಾಕೆ ಹೀಗಾಯಿತು? ಅಳೆಯದೆ ಬದಲಾಯಿಸಿದ್ದರಿಂದ. ಅಳೆಯುವುದು ಹೇಗೆ? ಬನ್ನಿ, ತಿಳಿಯೋಣ.

ಏನಿದು ಸೆನ್ಸರ್?

ಒಲೆ ಉರಿಯಲು ಗಾಳಿ ಬೇಕು. ಎಂಜಿನ್ನಿಗೂ ಗಾಳಿ ಬೇಕು. ಗಾಳಿ ಹೋಗುವ ದಾರಿಯಲ್ಲಿ ಒಂದು ಚಿಕ್ಕ ತಟ್ಟೆ ಇದೆ. ಅದು ಬಾಗಿಲಿನ ಹಾಗೆ ತೆರೆಯುತ್ತದೆ, ಮುಚ್ಚುತ್ತದೆ. ಅದಕ್ಕೆ ಥ್ರಾಟಲ್ ಅಂತ ಹೆಸರು. ನಾವು ಎಕ್ಸಿಲೇಟರ್ ತುಳಿದಾಗ ಕೇಬಲ್ ಅದನ್ನು ಎಳೆದು ತೆರೆಯುತ್ತದೆ.

ಬಾಗಿಲು ಎಷ್ಟು ತೆರೆದಿದೆ? ಇದನ್ನು ಕಾರಿನ ಕಂಪ್ಯೂಟರಿಗೆ ಹೇಳುವುದೇ ಥ್ರಾಟಲ್ ಪೊಸಿಷನ್ ಸೆನ್ಸರ್. ಗ್ಯಾರೇಜಿನಲ್ಲಿ ಟಿ.ಪಿ.ಎಸ್. ಅನ್ನುತ್ತಾರೆ. ಇದರ ಮಾತು ಕೇಳಿ ಕಂಪ್ಯೂಟರ್ ಪೆಟ್ರೋಲಿನ ಅಳತೆ ಸರಿಮಾಡುತ್ತದೆ. ಸೆನ್ಸರ್ ತಪ್ಪು ಹೇಳಿದರೆ ಅಳತೆಯೂ ತಪ್ಪುತ್ತದೆ.

ಹಳೇ ರೇಡಿಯೋದಲ್ಲಿ ಸದ್ದು ಹೆಚ್ಚು ಕಡಿಮೆ ಮಾಡುವ ತಿರುಪು ನೆನಪಿದೆಯೇ? ಅದು ಒಳಗೆ ಸವೆದರೆ ಕರಕರ ಅನ್ನುತ್ತಿತ್ತು. ಹಳೆಯ ಕಾರುಗಳ ಈ ಸೆನ್ಸರೂ ಹೆಚ್ಚಾಗಿ ಅದೇ ಜಾತಿಯದು. ಅದೂ ಸವೆಯುತ್ತದೆ.

ಮೊದಲು ಕಣ್ಣಿಂದ ನೋಡೋಣ

ಎಂಜಿನ್ ಆಫ್ ಆಗಿರಲಿ, ತಣ್ಣಗಿರಲಿ. ಸೆರಗು ಸಿಕ್ಕಿಸೋಣ. ಲೋಹದ ಬಳೆ ತೆಗೆದಿಡೋಣ. ಬಳೆ ಬ್ಯಾಟರಿಗೆ ತಗುಲಿದರೆ ಕಿಡಿ ಹಾರುತ್ತದೆ.

ವೈರು ಸಡಿಲವೇ? ಇಲಿ ಕಡಿದಿದೆಯೇ? ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ? ಥ್ರಾಟಲ್ ತಟ್ಟೆಗೆ ಮಸಿ ಹಿಡಿದಿದೆಯೇ? ಕೇಬಲ್ ಬಿಗಿಯಾಗಿದೆಯೇ? ಇವುಗಳಿಂದಲೂ ಕಾರು ಹೀಗೇ ಕಾಡುತ್ತದೆ.

ಸ್ಕ್ಯಾನರ್ ಪಿ 0122 ಅಂತ ತೋರಿಸಬಹುದು. ಅಂದರೆ ಸೆನ್ಸರಿನಿಂದ ಬರುವ ವೋಲ್ಟ್ ತೀರಾ ಕಡಿಮೆ. ಪಿ 0123 ಅಂದರೆ ತೀರಾ ಹೆಚ್ಚು. ಆದರೆ ನೆನಪಿಡಿ. ವೈರು ಕೆಟ್ಟರೂ ಇದೇ ಅಂಕಿ ಬರುತ್ತದೆ. ಅಕ್ಕನ ಕಾರಿನಲ್ಲಿ ಆಗಿದ್ದೂ ಇದೇ.

ಈಗ ಮೀಟರಿನಿಂದ ಅಳೆಯೋಣ

ಕೆಲಸ ಮೆಕ್ಯಾನಿಕ್ ಮಾಡಲಿ. ಅಂಕಿ ನಾವು ಓದೋಣ.

1. ಹ್ಯಾಂಡ್ ಬ್ರೇಕ್ ಹಾಕಿ. ಗೇರ್ ನ್ಯೂಟ್ರಲ್ ಇರಲಿ. ಕೀ ಆನ್ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ.

2. ಮೀಟರನ್ನು ಡಿ.ಸಿ. ವೋಲ್ಟಿಗೆ ಇಡಬೇಕು. ಇಂಥ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರು. ಒಂದರಲ್ಲಿ ಸುಮಾರು 5 ವೋಲ್ಟ್ ಬರಬೇಕು. ಒಂದು ಅರ್ತ್. ಇನ್ನೊಂದು ಕಂಪ್ಯೂಟರಿಗೆ ಸುದ್ದಿ ಒಯ್ಯುವ ವೈರು. 5 ವೋಲ್ಟ್ ಬರದಿದ್ದರೆ ತಪ್ಪು ಸೆನ್ಸರಿನದಲ್ಲ. ಮೊದಲು ವೈರು ಹುಡುಕಬೇಕು.

3. ಸುದ್ದಿ ಒಯ್ಯುವ ವೈರಿಗೆ ಮೀಟರ್ ಹಿಡಿಯಲಿ. ಪೆಡಲ್ ಬಿಟ್ಟಾಗ ಸುಮಾರು 0.5 ವೋಲ್ಟ್ ತೋರಿಸಬೇಕು.

4. ಪೆಡಲ್ ಮೆಲ್ಲಗೆ ಒತ್ತಿ. ಅಂಕಿ ಏಣಿ ಹತ್ತಿದ ಹಾಗೆ ಒಂದೊಂದಾಗಿ ಏರಬೇಕು. ಪೂರ್ತಿ ಒತ್ತಿದಾಗ 4.5ರ ಹತ್ತಿರ ಬರಬೇಕು. ಕಾರಿನಿಂದ ಕಾರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಆ ಕಾರಿನ ರಿಪೇರಿ ಪುಸ್ತಕದ ಅಂಕಿಯೇ ಸರಿಯಾದ ಅಂಕಿ.

5. ನಡುವೆ ಅಂಕಿ ಧಡಕ್ಕನೆ ಬಿತ್ತೇ? ಹಾರಿತೇ? ವೈರು ಚೆನ್ನಾಗಿದ್ದೂ ಹೀಗಾದರೆ ಸೆನ್ಸರ್ ಒಳಗೆ ಸವೆದಿದೆ. ಆಗ ಹೊಸದು ಹಾಕಿಸಲೇಬೇಕು.

ಸರಿ ಹೊಂದಿಸುವುದು ಹೇಗೆ?

ಅಂಕಿ ಸರಿಯಾಗಿ ಏರುತ್ತದೆ, ಆದರೆ ಪೆಡಲ್ ಬಿಟ್ಟಾಗಿನ ಅಂಕಿ ಮಾತ್ರ ಸ್ವಲ್ಪ ತಪ್ಪಿದೆ. ಹೀಗಿದ್ದರೆ ಸೆನ್ಸರಿನ ಎರಡು ಸ್ಕ್ರೂ ನೋಡಿ. ಸ್ಕ್ರೂವಿನ ತೂತು ಉದ್ದವಾಗಿದ್ದರೆ ಹೊಂದಿಸಬಹುದು. ಸ್ಕ್ರೂ ಸ್ವಲ್ಪ ಸಡಿಲಿಸಿ, ಮೀಟರ್ ನೋಡುತ್ತಾ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಅಂಕಿ ಸರಿಯಾದಾಗ ಬಿಗಿ ಮಾಡಿ, ಮತ್ತೆ ಅಳೆಯಬೇಕು. ಬಿಗಿ ಮಾಡುವಾಗಲೂ ಅದು ಜರುಗುತ್ತದೆ!

ತೂತು ದುಂಡಗಿದ್ದರೆ ಹೊಂದಿಸಲು ಬರುವುದಿಲ್ಲ. ಥ್ರಾಟಲ್ ತಟ್ಟೆಯನ್ನು ತಡೆದು ನಿಲ್ಲಿಸುವ ಇನ್ನೊಂದು ಸ್ಕ್ರೂ ಇರುತ್ತದೆ. ಅದನ್ನು ಮುಟ್ಟಬಾರದು.

ಕೇಬಲ್ ಇಲ್ಲದ ಹೊಸ ಕಾರುಗಳಲ್ಲಿ ಮೋಟಾರು ಬಾಗಿಲು ತೆರೆಯುತ್ತದೆ. ಅಲ್ಲಿ ಬೆರಳು ಹಾಕಬೇಡಿ, ಸಿಕ್ಕಿಕೊಳ್ಳುತ್ತದೆ. ಅದನ್ನು ಸ್ಕ್ಯಾನರಿನಿಂದಲೇ ನೋಡಬೇಕು.

ನಾವು ಕೇಳೋಣ

"ಅಳೆದ್ರಾ ಅಣ್ಣಾ? ಎಷ್ಟು ಬಂತು? ನಂಗೂ ತೋರಿಸಿ." ಹೀಗೆ ಕೇಳಲು ನಾಚಿಕೆ ಬೇಡ. ದುಡ್ಡು ನಮ್ಮದು. ಹಳೆಯ ಭಾಗ ವಾಪಸ್ ಪಡೆಯೋಣ. ಬಿಲ್ ಓದಿ ನೋಡೋಣ.

ಆ ಅಕ್ಕ ಈಗ ಮೀಟರ್ ತೋರಿಸದೆ ಕಾಸು ಕೊಡುವುದಿಲ್ಲ.

ಓದಿ, ಬರೆಯಿರಿ: 0.5, 4.5, 5. ಪೆಡಲ್ ಬಿಟ್ಟಾಗ ಯಾವ ಅಂಕಿ ಬರಬೇಕು? ಪೂರ್ತಿ ಒತ್ತಿದಾಗ ಯಾವುದು?