ಹದಿನೇಳರ ಹರೆಯ, ಮನೆಯ ಹೊಸಿಲು

ದೇವನಹಳ್ಳಿ ತಾಲ್ಲೂಕಿನ ಕುಂದಾಣದಂಥ ಊರಿನಲ್ಲಿ ಪಿ.ಯು.ಸಿ. ಓದುವ ಮಗಳು ಮನೆ ಬಿಡುವಾಗ ಅಮ್ಮನ ಮಾತು ಸಾಮಾನ್ಯವಾಗಿ ಒಂದೇ: ‘ಕಾಲೇಜು ಬಿಟ್ಟ ತಕ್ಷಣ ಮನೆಗೆ ಬಾ.’ ಅದೇ ಬಸ್ಸಿಗೆ ಓಡಿಬಂದು ಹತ್ತುವ ಮಗನಿಗೆ ಅಷ್ಟೊಂದು ಕಟ್ಟಪ್ಪಣೆ ಇರುವುದಿಲ್ಲ. 2008ರಲ್ಲಿ ತಾಲ್ಲೂಕಿಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೇ ಬಂತು. ಆಮೇಲೆ ಮೊಬೈಲಿನಲ್ಲಿ ಜಗತ್ತೆಲ್ಲ ಮಕ್ಕಳ ಜೇಬು ಸೇರಿತು. ಮನೆಯ ಹೊಸಿಲು ಮಾತ್ರ ಇದ್ದಲ್ಲೇ ಇದೆ!

ಈ ಹೊಸಿಲಿನ ಒಳಗಿರುವವರೂ ಹೊರಗೆ ಕಾಲಿಡುವವರೂ ಜೊತೆಗೆ ಕೂತು ನೋಡಬೇಕಾದ ಚಿತ್ರವೊಂದಿದೆ. ಅದು ಪೃಥ್ವಿ ಕೊಣನೂರು ನಿರ್ದೇಶನದ ‘ಹದಿನೇಳೆಂಟು’. 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ಈ ಚಿತ್ರ, ಅದೇ ವರ್ಷ ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗದ ಉದ್ಘಾಟನಾ ಚಿತ್ರವಾಗಿತ್ತು. ಆದರೂ ತಾರೆಯರಿಲ್ಲದ ಚಿತ್ರಗಳ ಪಾಡು ಗೊತ್ತೇ ಇದೆಯಲ್ಲ, ಊರೂರಿನ ಪ್ರೇಕ್ಷಕರಿಗೆ ಇದು ತಲುಪಿದ್ದು ಕಡಿಮೆ.

ಕಥೆ ಸರಳ. ದೀಪಾ ಮತ್ತು ಹರಿ ಬೆಂಗಳೂರಿನ ಪಿ.ಯು. ವಿದ್ಯಾರ್ಥಿಗಳು. ತರಗತಿಯಲ್ಲಿ ಇಬ್ಬರೇ ಇದ್ದಾಗಿನ ಖಾಸಗಿ ಗಳಿಗೆಯೊಂದು ಮೊಬೈಲಿನಲ್ಲಿ ಚಿತ್ರೀಕರಣಗೊಂಡು ಅಂತರ್ಜಾಲ ಸೇರುತ್ತದೆ. ಅಲ್ಲಿಂದ ಶುರು ವಿಚಾರಣೆ. ಪ್ರಾಂಶುಪಾಲರ ಕೊಠಡಿ, ಆಡಳಿತ ಮಂಡಳಿ, ತಲೆ ತಗ್ಗಿಸಿ ನಿಂತ ತಂದೆ ತಾಯಿ...

ಇಬ್ಬರೂ ಕೂಡಿ ಮಾಡಿದ ತಪ್ಪಿಗೆ ಶಿಕ್ಷೆ ಸಮವೇ? ಚಿತ್ರ ಒತ್ತುವುದು ಈ ಪ್ರಶ್ನೆಯನ್ನೇ. ಹುಡುಗ ಮೇಲ್ಜಾತಿಯವನು. ಹುಡುಗಿ ಕೆಳಜಾತಿಯೆಂದು ಕರೆಸಿಕೊಂಡ ಬಡ ಮನೆಯವಳು. ಮಾನದ ಭಾರ, ಓದು ನಿಂತುಹೋಗುವ ಭಯ, ಎರಡೂ ಅವಳ ಕಡೆಗೇ ಜಾರುತ್ತವೆ. ಇಲ್ಲಿ ಖಳನಾಯಕರಿಲ್ಲ. ಹೆತ್ತವರು ಹೆದರಿದವರು, ಅಷ್ಟೆ. ಆದರೆ ದೊಡ್ಡವರೆಲ್ಲ ಮಕ್ಕಳ ಬಗ್ಗೆ ಮಾತಾಡುತ್ತಾರೆಯೇ ಹೊರತು ಮಕ್ಕಳೊಡನೆ ಮಾತಾಡುವುದು ಕಡಿಮೆ.

ವಿದ್ಯಾರ್ಥಿಗಳೂ ತಿಳಿಯಬೇಕಾದ್ದು ಒಂದಿದೆ. ಹದಿನೆಂಟು ತುಂಬದವರ ಲೈಂಗಿಕ ದೃಶ್ಯಗಳನ್ನು ಚಿತ್ರಿಸುವುದು, ಹಂಚುವುದು 2012ರ ಪೋಕ್ಸೊ ಕಾಯ್ದೆ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ಗೆಳೆಯರ ಗುಂಪಿಗೆ ತಮಾಷೆಗೆಂದು ಕಳಿಸಿದರೂ ಅಷ್ಟೇ. ಇಂಥ ಸಂಕಟದಲ್ಲಿ ಸಿಕ್ಕ ಮಕ್ಕಳಿಗೆ 1098 ಸಹಾಯವಾಣಿ ಇದೆ.

ಅದಕ್ಕೂ ಮೊದಲಿನ ಸಹಾಯವಾಣಿ ಮನೆಯೇ ಆಗಬೇಡವೇ? ಬಿಗಿ ಮಾಡಿದಷ್ಟೂ ಮಕ್ಕಳು ತಪ್ಪು ಮಾಡುವುದಿಲ್ಲ ಎಂಬುದು ಹೆತ್ತವರ ನಂಬಿಕೆ. ಬಿಗಿ ಹೆಚ್ಚಾದ ಮನೆಯಲ್ಲಿ ನಿಲ್ಲುವುದು ತಪ್ಪಲ್ಲ, ತಪ್ಪನ್ನು ಹೇಳಿಕೊಳ್ಳುವ ಬಾಯಿ. ‘ಬೇಗ ಬಾ’ ಎನ್ನುವ ಅಮ್ಮ, ‘ಏನೇ ಆಗಲಿ, ಮೊದಲು ನನ್ನ ಹತ್ತಿರ ಬಾ’ ಎಂದೂ ಹೇಳಿದರೆ ಮಗಳಿಗೂ ಮಗನಿಗೂ ಅದಕ್ಕಿಂತ ದೊಡ್ಡ ಕಾವಲು ಬೇಕಿಲ್ಲ.